‘ಸಾಧೀ ಗಾಠ’ ಅಂದರೆ ‘ಏನೂ ಇಲ್ಲ’ ಅಂತಲ್ಲ

ಪರೇಲಿನಲ್ಲೋ ಪುಣೆಯಲ್ಲೋ ಒಪಿಡಿ ಮೇಜಿನ ಆಚೆ ಕೂತ ಡಾಕ್ಟರು ರಿಪೋರ್ಟಿನ ಕೊನೆಯ ಸಾಲು ಓದಿ ‘ಸಾಧೀ ಗಾಠ ಆಹೆ, ಕ್ಯಾನ್ಸರ್‌ಚೀ ನಾಹೀ’ (ಸಾದಾ ಗಂಟು, ಕ್ಯಾನ್ಸರಿನದಲ್ಲ) ಅನ್ನುತ್ತಾರೆ. ಕೇಳಿದವರಿಗೆ ಹೋದ ಜೀವ ಬಂದಂತಾಗುತ್ತದೆ. ಅದೇ ಸಂಜೆ ಆ ಮಾತು ಫೋನಿನಲ್ಲಿ ವಿಜಯಪುರಕ್ಕೋ ಕುಂದಾಪುರಕ್ಕೋ ತಲುಪುವ ಹೊತ್ತಿಗೆ ‘ಏನೂ ಇಲ್ಲಂತ್ರಿ’ ಎಂದಾಗಿರುತ್ತದೆ. ಫೈಲು ಟ್ರಂಕಿನ ತಳ ಸೇರುತ್ತದೆ. ಡಾಕ್ಟರು ಹೇಳಿದ್ದು ಒಂದು, ಊರಿಗೆ ಹೋದದ್ದು ಇನ್ನೊಂದು. ‘ಕ್ಯಾನ್ಸರ್ ಅಲ್ಲ’ ಎನ್ನುವುದು ಒಂದೇ ಒಂದು ಪ್ರಶ್ನೆಗೆ ಉತ್ತರ. ಅದು ಎಲ್ಲಿದೆ, ಏನು ಮಾಡುತ್ತಿದೆ, ಮುಂದೆ ಬದಲಾಗಬಹುದೇ, ಕ್ಯಾನ್ಸರ್ ಅಲ್ಲವೆಂದು ತಿಳಿದದ್ದಾದರೂ ಹೇಗೆ ಎಂಬ ನಾಲ್ಕು ಪ್ರಶ್ನೆ ಹಾಗೆಯೇ ಉಳಿದಿರುತ್ತವೆ.

ಗೊಂದಲಕ್ಕೆ ನಮ್ಮ ಮಾತೂ ಸ್ವಲ್ಪ ಕಾರಣ. ಗಂಟು, ಗಡ್ಡೆ, ಗುಳ್ಳೆ, ದುರ್ಮಾಂಸ ಎಲ್ಲವನ್ನೂ ಒಂದರ ಬದಲು ಇನ್ನೊಂದು ಬಳಸುತ್ತೇವೆ. ಕ್ಯಾನ್ಸರಿಗೆ ‘ಏಡಿಗಂತಿ’ ಎಂಬ ಹಳೆಯ ಹೆಸರಿದ್ದರೂ ಮನೆಯಲ್ಲಿ ಯಾರೂ ಹಾಗೆ ಕರೆಯುವುದಿಲ್ಲ, ‘ಗಡ್ಡೆ ಆಗಿದೆ’ ಎಂದು ದನಿ ತಗ್ಗಿಸುತ್ತಾರೆ, ಅಷ್ಟೆ. ಹಾಗಾಗಿ ಗಡ್ಡೆ ಅಂದೊಡನೆ ಅರ್ಧ ಜನ ಕ್ಯಾನ್ಸರ್ ಎಂದೇ ಹೆದರುತ್ತಾರೆ, ಕ್ಯಾನ್ಸರ್ ಅಲ್ಲ ಅಂದೊಡನೆ ಉಳಿದರ್ಧ ಜನ ಅದನ್ನು ಮರೆತೇಬಿಡುತ್ತಾರೆ. ರಿಪೋರ್ಟಿನಲ್ಲಿ ಇರುವ ಪದ ‘ಬಿನೈನ್’, ಎಂದರೆ ಕ್ಯಾನ್ಸರ್ ಅಲ್ಲದ್ದು. ಅದರ ಎದುರಿನ ಪದ ‘ಮ್ಯಾಲಿಗ್ನೆಂಟ್’, ಎಂದರೆ ಕ್ಯಾನ್ಸರ್.

ನುಗ್ಗುವುದು, ಹರಡುವುದು

ಜೀವಕೋಶಗಳು ಅಗತ್ಯ ಮೀರಿ ಹೆಚ್ಚುತ್ತ ಹೋದರೆ ಗಡ್ಡೆ. ಬಿನೈನ್ ಗಡ್ಡೆಯೂ ಬೆಳೆಯುತ್ತದೆ, ಕೆಲವೊಮ್ಮೆ ಹಲಸಿನಕಾಯಿಯಷ್ಟಾಗುತ್ತದೆ. ಆದರೆ ಅದು ಸಾಮಾನ್ಯವಾಗಿ ಎರಡು ಕೆಲಸ ಮಾಡುವುದಿಲ್ಲ. ಪಕ್ಕದ ಅಂಗಾಂಶದೊಳಗೆ ಬೇರು ಬಿಡುವುದಿಲ್ಲ. ರಕ್ತನಾಳ, ದುಗ್ಧರಸನಾಳ ಹಿಡಿದು ದೂರದ ಅಂಗಕ್ಕೆ ಹೋಗಿ ಅಲ್ಲಿ ಮನೆ ಕಟ್ಟುವುದಿಲ್ಲ. ಮುಂಬಯಿಯ ಹಳೆಯ ಚಾಳುಗಳ ಗೋಡೆಯಲ್ಲಿ ಹುಟ್ಟುವ ಅರಳಿ ಗಿಡ ನೋಡಿದ್ದೀರಲ್ಲ, ಮೇಲೆ ಕಾಣುವುದು ನಾಲ್ಕು ಎಲೆ, ಬೇರು ಇಟ್ಟಿಗೆಯ ಸಂದಿಯಲ್ಲೆಲ್ಲ. ಕ್ಯಾನ್ಸರಿನ ರೀತಿ ಅದು. ಬಿನೈನ್ ಗಡ್ಡೆ ಅದೇ ಗೋಡೆಗೆ ಒತ್ತಿ ನಿಲ್ಲಿಸಿದ ಅಕ್ಕಿ ಮೂಟೆಯ ಹಾಗೆ. ಗೋಡೆಗೆ ಭಾರ ಬೀಳಬಹುದು, ಬಿರುಕೂ ಬಿಡಬಹುದು; ಮೂಟೆ ಎತ್ತಿದರೆ ಮೂಟೆಯಷ್ಟೇ ಬರುತ್ತದೆ. ಹೆಚ್ಚಿನ ಬಿನೈನ್ ಗಡ್ಡೆಗಳ ಸುತ್ತ ಒಂದು ಪೊರೆ ಇರುವುದರಿಂದಲೇ ಬೆರಳಿಟ್ಟರೆ ಅವು ಜಾರುತ್ತವೆ.

ಸೂಕ್ಷ್ಮದರ್ಶಕದ ಕೆಳಗೆ ಬಿನೈನ್ ಗಡ್ಡೆಯ ಕೋಶಗಳು ತಾವು ಹುಟ್ಟಿದ ಅಂಗಾಂಶವನ್ನೇ ಹೋಲುತ್ತವೆ. ಕೊಬ್ಬಿನ ಗಂಟಾದ ಲೈಪೋಮಾದ ಕೋಶ ಮತ್ತು ಮಾಮೂಲಿ ಕೊಬ್ಬಿನ ಕೋಶವನ್ನು ಅಕ್ಕಪಕ್ಕ ಇಟ್ಟರೆ ಬೇರೆ ಮಾಡುವುದು ಕಷ್ಟ. ಕ್ಯಾನ್ಸರಿನಲ್ಲಿ ಕೋಶಕೇಂದ್ರಗಳು ಹಿಗ್ಗಿರುತ್ತವೆ, ಒಂದರಂತೆ ಒಂದಿರುವುದಿಲ್ಲ, ಒಡೆದು ಎರಡಾಗುತ್ತಿರುವ ಕೋಶಗಳು ಹೆಚ್ಚು ಕಾಣುತ್ತವೆ.

ಹೆಸರನ್ನು ನೋಡಿ ತೀರ್ಮಾನಕ್ಕೆ ಬರಬೇಡಿ. ‘ಓಮಾ’ ಎಂದು ಮುಗಿಯುವ ಲೈಪೋಮಾ, ಫೈಬ್ರೋಮಾ, ಅಡೆನೋಮಾಗಳು ಬಿನೈನ್. ಕಾರ್ಸಿನೋಮಾ, ಸಾರ್ಕೋಮಾಗಳು ಕ್ಯಾನ್ಸರ್. ಆದರೆ ಲಿಂಫೋಮಾ, ಮೆಲನೋಮಾ, ಸೆಮಿನೋಮಾಗಳ ಹೆಸರು ಕೇಳಲು ಸಾಧುವಾಗಿದ್ದರೂ ಮೂರೂ ಕ್ಯಾನ್ಸರ್‌ಗಳೇ. ಹಿಮಟೋಮಾ ಗಡ್ಡೆಯೇ ಅಲ್ಲ, ಹೆಪ್ಪುಗಟ್ಟಿದ ರಕ್ತ. ರಿಪೋರ್ಟಿನ ಒಂದು ಪದ ಹಿಡಿದು ಮೊಬೈಲಿನಲ್ಲಿ ಹುಡುಕಿ ರಾತ್ರಿಯೆಲ್ಲ ನಿದ್ದೆಗೆಡುವವರು ಈ ಒಂದು ವಿಷಯ ನೆನಪಿಟ್ಟರೆ ಸಾಕು.

ಒಂದು ಅಗುಳು ಸಾಲದು

ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಸಾಕು ಅನ್ನುತ್ತೇವೆ. ಇಡೀ ಪಾತ್ರೆಗೆ ಒಂದೇ ಉರಿ, ಒಂದೇ ಅಕ್ಕಿ ಇದ್ದಾಗ ಆ ಮಾತು ಸರಿ. ಗಡ್ಡೆ ಹಾಗಲ್ಲ. ಒಂದು ಮೂಲೆ ಮಾಮೂಲಿ, ಇನ್ನೊಂದು ಮೂಲೆ ಕೆಟ್ಟಿರಬಹುದು. ವಾಶಿ ಮಾರ್ಕೆಟ್ಟಿನ ವ್ಯಾಪಾರಿ ಚೀಲಕ್ಕೆ ಚೂಪು ಕೊಳವೆ ಚುಚ್ಚಿ ಕಾಳು ತೆಗೆದು ನೋಡುವಾಗ ಒಂದೇ ಕಡೆ ಚುಚ್ಚಿ ಸುಮ್ಮನಾಗುವುದಿಲ್ಲ. ಮೇಲೆ, ನಡುವೆ, ತಳದಲ್ಲಿ ನೋಡುತ್ತಾನೆ. ಆದ್ದರಿಂದ ‘ಬಿನೈನ್’ ಎಂಬ ಪದ ಕಂಡಾಗ ಮೊದಲು ಕೇಳಬೇಕಾದ್ದು, ಇದನ್ನು ಯಾವ ಪರೀಕ್ಷೆಯಿಂದ ಹೇಳಿದ್ದು ಎಂದು.

ಕೈಯಿಂದ ಮುಟ್ಟಿ ಹೇಳಿದ್ದಾದರೆ ಅದು ಅಂದಾಜು. ಮಹಾರಾಷ್ಟ್ರದ ಬಾಯಲ್ಲಿ ಸೋನೋಗ್ರಫಿ, ನಮ್ಮೂರಿನ ಬಾಯಲ್ಲಿ ಸ್ಕ್ಯಾನಿಂಗ್ ಆದದ್ದು ಇನ್ನೂ ಒಳ್ಳೆಯ ಅಂದಾಜು. ಸ್ತನದ ಸ್ಕ್ಯಾನಿನಲ್ಲಿ ‘ಬೈರ್ಯಾಡ್ಸ್’ ಎಂಬ ಅಂಕಿ ಇರುತ್ತದೆ. 2 ಅಂದರೆ ಬಿನೈನ್. 3 ಅಂದರೆ ಬಹುಶಃ ಬಿನೈನ್, ಕ್ಯಾನ್ಸರ್ ಇರುವ ಸಾಧ್ಯತೆ ನೂರಕ್ಕೆ 2 ಅಥವಾ ಅದಕ್ಕಿಂತ ಕಡಿಮೆ, 6 ತಿಂಗಳಿಗೆ ಮತ್ತೆ ನೋಡಬೇಕು. 4 ಮತ್ತು 5 ಬಂದರೆ ಬಯಾಪ್ಸಿ, ಎಂದರೆ ತುಂಡು ತೆಗೆದು ಪರೀಕ್ಷಿಸುವುದು. ಇಲ್ಲಿ ಎಡವುವುದು 3 ಬಂದವರು. ‘ಬಹುಶಃ’ ಎಂಬ ಪದ ಮನೆಗೆ ಬರುವ ದಾರಿಯಲ್ಲಿ ಉದುರಿಹೋಗಿ 6 ತಿಂಗಳ ಚೀಟಿ ಕಳೆದುಹೋಗುತ್ತದೆ.

ಮುಂದಿನದು ಎಫ್‌ಎನ್‌ಎಸಿ. ರಕ್ತ ತೆಗೆಯುವ ಸೂಜಿಗಿಂತಲೂ ಸಣ್ಣದಾದ 22ರಿಂದ 25 ಗೇಜಿನ ಸೂಜಿಯಿಂದ ಗಂಟಿನ ಎರಡು ಮೂರು ಕಡೆ ಚುಚ್ಚಿ ಕೋಶಗಳನ್ನು ಹೀರಿ ಗಾಜಿನ ಮೇಲೆ ಬಳಿಯುತ್ತಾರೆ. ರಿಪೋರ್ಟು ಒಂದೆರಡು ದಿನದಲ್ಲಿ ಬರುತ್ತದೆ. ಇಲ್ಲಿ ಕೋಶಗಳು ಬಿಡಿಬಿಡಿಯಾಗಿ ಸಿಗುತ್ತವೆ, ಅವು ಒಳಗೆ ಹೇಗೆ ಜೋಡಣೆಯಾಗಿದ್ದವು ಎಂಬುದು ಕಾಣುವುದಿಲ್ಲ. ಥೈರಾಯ್ಡಿನಲ್ಲಿ ಇದರ ಮಿತಿ ಚೆನ್ನಾಗಿ ಗೊತ್ತಾಗುತ್ತದೆ. ಫಾಲಿಕ್ಯುಲರ್ ಅಡೆನೋಮಾ ಬಿನೈನ್, ಫಾಲಿಕ್ಯುಲರ್ ಕಾರ್ಸಿನೋಮಾ ಕ್ಯಾನ್ಸರ್. ಬಿಡಿ ಕೋಶ ನೋಡಿದರೆ ಎರಡೂ ಒಂದೇ. ವ್ಯತ್ಯಾಸ ಇರುವುದು ಗಡ್ಡೆ ತನ್ನ ಪೊರೆಯನ್ನು ಅಥವಾ ರಕ್ತನಾಳವನ್ನು ಸೀಳಿದೆಯೇ ಎಂಬುದರಲ್ಲಿ. ಪೊರೆ ನೋಡಲು ಗಡ್ಡೆಯೇ ಕೈಗೆ ಬರಬೇಕು. ಥೈರಾಯ್ಡ್ ಎಫ್‌ಎನ್‌ಎಸಿ ರಿಪೋರ್ಟಿನಲ್ಲಿ ಬರೆಯುವ ಶ್ರೇಣಿಗೆ ಬೆಥೆಸ್ಡಾ ಎಂದು ಹೆಸರು. ಅಲ್ಲಿ ‘ಬೆಥೆಸ್ಡಾ 4’ ಎಂದಿದ್ದರೆ, ಕ್ಯಾನ್ಸರ್ ಎಂದು ಬರೆದಿಲ್ಲದಿದ್ದರೂ, ಸರ್ಜನ್ ಅರ್ಧ ಥೈರಾಯ್ಡ್ ತೆಗೆಯುವ ಮಾತಾಡುವುದು ಇದಕ್ಕೇ. ಬೆಥೆಸ್ಡಾ 2 ಬಿನೈನ್. ಅಲ್ಲಿ ಕ್ಯಾನ್ಸರ್ ತಪ್ಪಿಹೋಗಿರುವ ಸಾಧ್ಯತೆ ನೂರಕ್ಕೆ ನಾಲ್ಕರ ಆಸುಪಾಸು ಅಥವಾ ಅದಕ್ಕೂ ಕಡಿಮೆ. ಬೆಥೆಸ್ಡಾ 1 ಅಂದರೆ ಸಾಕಷ್ಟು ಕೋಶ ಸಿಗಲಿಲ್ಲ ಎಂದರ್ಥ. ಇದನ್ನೇ ಬೇರೆ ಕಡೆ ‘ಇನಾಡಿಕ್ವೇಟ್’ ಎಂದು ಬರೆಯುತ್ತಾರೆ. ‘ಕ್ಯಾನ್ಸರ್ ಕಾಣಲಿಲ್ಲ’ ಎಂಬುದಕ್ಕೂ ‘ನೋಡಲು ಏನೂ ಸಿಗಲಿಲ್ಲ’ ಎಂಬುದಕ್ಕೂ ಇರುವ ಅಂತರ ಸಣ್ಣದಲ್ಲ.

ಕೋರ್ ಬಯಾಪ್ಸಿಯಲ್ಲಿ ಸೂಜಿ ದಪ್ಪ, ಸ್ತನಕ್ಕೆ ಸಾಮಾನ್ಯವಾಗಿ 14 ಗೇಜ್ (ಗೇಜಿನ ಅಂಕಿ ಕಡಿಮೆಯಾದಷ್ಟೂ ಸೂಜಿ ದಪ್ಪ). ಶಾವಿಗೆ ಎಳೆಯಂಥ ತುಂಡುಗಳು ಬರುತ್ತವೆ, ಕೋಶಗಳ ಜೋಡಣೆಯೂ ಕಾಣುತ್ತದೆ. ಇಡೀ ಗಡ್ಡೆ ತೆಗೆದು ನೋಡಿದ್ದು ಕೊನೆಯ ಮಾತು. ಆಗಲೂ ಪೆಥಾಲಜಿಸ್ಟ್ ಇಡೀ ಗಡ್ಡೆಯನ್ನು ನೋಡುವುದಿಲ್ಲ. ಬೇರೆ ಬೇರೆ ಜಾಗದ ತುಂಡು ಆರಿಸಿ, ಮೇಣದಲ್ಲಿ ಕೂರಿಸಿ, 3–4 ಮೈಕ್ರಾನ್ ತೆಳುವಾಗಿ ಹೆರೆದು, ಬಣ್ಣ ಹಾಕಿ ನೋಡುತ್ತಾರೆ. ದೊಡ್ಡ ಗಡ್ಡೆಗೆ ಹೆಚ್ಚು ತುಂಡು ಬೇಕಾಗುತ್ತದೆ. ಇದಕ್ಕೆ ಕೆಲವು ದಿನ ಹಿಡಿಯುತ್ತದೆ, ಮೂಳೆಯಾದರೆ ಮೊದಲು ಅದನ್ನು ಮೆತ್ತಗಾಗಿಸಬೇಕು, ಇನ್ನೂ ತಡ.

ಕೈ, ಸ್ಕ್ಯಾನ್, ಸೂಜಿ ಈ ಮೂರರ ಉತ್ತರ ಒಂದಕ್ಕೊಂದು ಹೊಂದಬೇಕು. ಕೈಗೆ ಗಟ್ಟಿ, ಸ್ಕ್ಯಾನಿನಲ್ಲಿ ಅಂಚು ಒರಟು, ಸೂಜಿಯಲ್ಲಿ ಮಾತ್ರ ಬಿನೈನ್ ಎಂದರೆ ಒಳ್ಳೆಯ ಸರ್ಜನ್ ಸೂಜಿಯ ಮಾತು ನಂಬುವುದಿಲ್ಲ, ಮತ್ತೆ ಚುಚ್ಚಿಸುತ್ತಾರೆ. ‘ಒಮ್ಮೆ ಬಿನೈನ್ ಬಂತಲ್ಲ, ದುಡ್ಡಿಗಾಗಿ ಮತ್ತೆ ಮಾಡಿಸುತ್ತಾರೆ’ ಎಂದು ರೋಗಿಯ ಕಡೆಯವರು ಸಿಟ್ಟಾಗುವ ಜಾಗ ಇದು. ಸಿಟ್ಟು ಬೇರೆ ಎಲ್ಲಾದರೂ ಸಲ್ಲಬಹುದು, ಇಲ್ಲಲ್ಲ.

ಸೂಜಿ ಚುಚ್ಚಿದರೆ ಸಾದಾ ಗಂಟು ಕೆರಳಿ ಕ್ಯಾನ್ಸರ್ ಆಗುತ್ತದೆ ಎಂಬ ಮಾತು ಧಾರಾವಿಯಿಂದ ವಾಸ್ಕೋದವರೆಗೆ ಎಲ್ಲ ಕಡೆ ಓಡಾಡುತ್ತದೆ. ಸೂಜಿ ಬಿನೈನ್ ಗಡ್ಡೆಯನ್ನು ಕ್ಯಾನ್ಸರ್ ಮಾಡುವುದಿಲ್ಲ. ಆದರೆ ಚುಚ್ಚಬಾರದ ಜಾಗಗಳೂ ಕೆಲವಿವೆ. ಗಂಡಸರ ಬೀಜದಲ್ಲಿ (ವೃಷಣದಲ್ಲಿ) ನೋವಿಲ್ಲದ ಗಟ್ಟಿ ಗಂಟು ಬಂದರೆ ಸೂಜಿ ಹಾಕದೆ, ಸ್ಕ್ಯಾನ್ ಮತ್ತು ರಕ್ತಪರೀಕ್ಷೆ ಮಾಡಿ, ಬೇಕಾದರೆ ತೊಡೆಸಂದಿಯ ಮೂಲಕ ಬೀಜವನ್ನೇ ತೆಗೆಯುತ್ತಾರೆ. ಯಕೃತ್ತಿನ ಹಿಮ್ಯಾಂಜಿಯೋಮಾ ರಕ್ತನಾಳಗಳ ಗೊಂಚಲು, ಚುಚ್ಚಿದರೆ ರಕ್ತಸ್ರಾವವಾಗಬಹುದು. ಅದನ್ನು ಸ್ಕ್ಯಾನಿನಲ್ಲೇ ಗುರುತಿಸಿ ಬಿಟ್ಟುಬಿಡುತ್ತಾರೆ.

ಸಾಧು, ಆದರೆ ಕೂತ ಜಾಗ

ತಲೆಬುರುಡೆ ಮುಚ್ಚಿದ ಡಬ್ಬಿ. ಹೊಟ್ಟೆಯಲ್ಲಿ 3 ಸೆಂಟಿಮೀಟರಿನ ಗಡ್ಡೆ ವರ್ಷಗಟ್ಟಲೆ ಗೊತ್ತೇ ಆಗದೆ ಇರಬಹುದು, ಮಿದುಳಿನ ಹೊದಿಕೆಯಲ್ಲಿ ಹುಟ್ಟಿದ ಅಷ್ಟೇ ದೊಡ್ಡ ಮೆನಿಂಜಿಯೋಮಾ ಫಿಟ್ಸ್ ತರಬಹುದು, ಒಂದು ಕೈ ಸೋಲಿಸಬಹುದು. ಹೆಚ್ಚಿನ ಮೆನಿಂಜಿಯೋಮಾಗಳು ಗ್ರೇಡ್ 1, ಎಂದರೆ ಬಿನೈನ್. ಹಾಗಿದ್ದರೂ ಆಪರೇಷನ್ ಬೇಕಾಗಬಹುದು. ಸಣ್ಣದಾಗಿದ್ದು ತೊಂದರೆ ಕೊಡದಿದ್ದರೆ ಎಂಆರ್‌ಐ ಮಾಡುತ್ತ ಕಾಯುವುದೂ ಸರಿಯಾದ ಚಿಕಿತ್ಸೆಯೇ. ಒಂದೇ ಕಿವಿಯಲ್ಲಿ ಮೆಲ್ಲನೆ ಕಿವುಡು, ಗುಂಯ್ ಎನ್ನುವ ಸದ್ದು ಇದ್ದರೆ ಕಿವಿಯ ನರದ ಬಿನೈನ್ ಗಡ್ಡೆಯೂ ಇರಬಹುದು. ವಯಸ್ಸಾಯಿತು ಎಂದು ಬಿಟ್ಟುಬಿಡುವವರೇ ಜಾಸ್ತಿ. ಹೃದಯದ ಒಳಗೆ ಮಿಕ್ಸೋಮಾ ಎಂಬ ಬಿನೈನ್ ಗಡ್ಡೆ ಬೆಳೆಯುತ್ತದೆ. ಅದು ಕವಾಟಕ್ಕೆ ಅಡ್ಡ ಬರುತ್ತದೆ, ಅದರ ಚೂರು ಹಾರಿ ಮಿದುಳಿಗೆ ಹೋದರೆ ಪಾರ್ಶ್ವವಾಯು. ಹೆಸರಿಗೆ ಬಿನೈನ್.

ಕೆಲವು ಗಡ್ಡೆಗಳ ತೊಂದರೆ ಗಾತ್ರದಿಂದಲ್ಲ, ಅವು ಸುರಿಸುವ ಹಾರ್ಮೋನಿನಿಂದ. ಥೈರಾಯ್ಡಿನ ಹಿಂದೆ ಅಕ್ಕಿಕಾಳಿನಂಥ ನಾಲ್ಕು ಪ್ಯಾರಾಥೈರಾಯ್ಡ್ ಗ್ರಂಥಿಗಳಿವೆ. ಅದರಲ್ಲೊಂದು ಊದಿ ಅಡೆನೋಮಾ ಆದರೆ ಮೂಳೆಯ ಕ್ಯಾಲ್ಸಿಯಂ ರಕ್ತಕ್ಕೆ ಇಳಿಯುತ್ತದೆ, ಮೂತ್ರಪಿಂಡದಲ್ಲಿ ಕಲ್ಲು ಮೇಲಿಂದ ಮೇಲೆ ಆಗಬಹುದು. ಕಲ್ಲು ಒಡೆಸಿಕೊಂಡು ಒಡೆಸಿಕೊಂಡು ಸುಸ್ತಾದವರು ಒಮ್ಮೆ ರಕ್ತದ ಕ್ಯಾಲ್ಸಿಯಂ ನೋಡಿಸಬೇಕು. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಪ್ರೊಲ್ಯಾಕ್ಟಿನೋಮಾದಲ್ಲಿ ಮುಟ್ಟು ನಿಂತು, ಹೆರದೆಯೂ ಎದೆಯಲ್ಲಿ ಹಾಲು ಬರುತ್ತದೆ. ಇದು ‘ತಲೆಯಲ್ಲಿ ಗಡ್ಡೆ’ ಎಂಬುದು ನಿಜ, ಆದರೆ ಹೆಚ್ಚಿನವರಿಗೆ ಆಪರೇಷನ್ ಬೇಡ; ಕ್ಯಾಬರ್ಗೊಲಿನ್ ಮಾತ್ರೆ, ಸಾಮಾನ್ಯವಾಗಿ ವಾರಕ್ಕೆ ಎರಡು ಸಲ, ಗಡ್ಡೆಯನ್ನೇ ಕುಗ್ಗಿಸುತ್ತದೆ. ಗಾತ್ರ ದೊಡ್ಡದಾದರೆ ಕಣ್ಣಿನ ನರವನ್ನು ಒತ್ತಿ ಎರಡೂ ಬದಿಯ ಅಂಚಿನ ನೋಟ ಹೋಗುತ್ತದೆ. ಪಕ್ಕದಿಂದ ಬರುವ ಗಾಡಿ ಕಾಣದೆ ರಸ್ತೆ ದಾಟುವಾಗ ಎಡವುವುದು ಇದರ ಸುಳಿವು.

ಬಿನೈನ್ ಎಂದರೆ ಸುಲಭವಾಗಿ ಬಿಟ್ಟುಬರುತ್ತದೆ ಎಂದೂ ಅಲ್ಲ. ದವಡೆಯ ಅಮೆಲೋಬ್ಲಾಸ್ಟೋಮಾ, ಮೊಣಕಾಲಿನ ಸುತ್ತ 20–40ರ ವಯಸ್ಸಿನವರಿಗೆ ಬರುವ ಜಯಂಟ್ ಸೆಲ್ ಟ್ಯೂಮರ್ ಎರಡೂ ಸುತ್ತಲ ಮೂಳೆಯನ್ನು ತಿನ್ನುತ್ತವೆ. ಕೆರೆದು ತೆಗೆದರೆ ಮತ್ತೆ ಬರಬಹುದು. ಸ್ತನದ ಫಿಲೋಡಿಸ್ ಎಂಬ ಗಡ್ಡೆ ಹೊರನೋಟಕ್ಕೆ ಸ್ತನದ ಮಾಮೂಲಿ ಬಿನೈನ್ ಗಂಟಾದ ಫೈಬ್ರೋಅಡೆನೋಮಾದಂತೆಯೇ ಇರುತ್ತದೆ, ಎಫ್‌ಎನ್‌ಎಸಿಯಲ್ಲೂ ಹಲವು ಸಲ ಹಾಗೇ ಕಾಣುತ್ತದೆ. ಫೈಬ್ರೋಅಡೆನೋಮಾ ಎಂದುಕೊಂಡು ಪೊರೆಯ ಗುಂಟ ಬಿಡಿಸಿ ತೆಗೆದರೆ ಫಿಲೋಡಿಸ್ ಮರಳಬಹುದು. ಅದನ್ನು ಸಾಮಾನ್ಯವಾಗಿ ಸುತ್ತ ಸ್ವಲ್ಪ ಒಳ್ಳೆಯ ಅಂಗಾಂಶ ಸೇರಿಸಿ ತೆಗೆಯುತ್ತಾರೆ. ಹಾಗಾಗಿ ಬೇಗ ಬೇಗ ದೊಡ್ಡದಾಗುವ ಅಥವಾ 3 ಸೆಂಟಿಮೀಟರ್ ಮೀರಿದ ಸ್ತನದ ಗಂಟಿಗೆ ಎಫ್‌ಎನ್‌ಎಸಿಗಿಂತ ಕೋರ್ ಬಯಾಪ್ಸಿ ಕೇಳುವುದು ಜಾಣತನ. 15ರಿಂದ 35ರ ಹುಡುಗಿಯರಲ್ಲಿ ಬೆರಳಿಗೆ ಜಾರುವ ಸಣ್ಣ ಗಂಟಾದರೆ ಬಹುಪಾಲು ಮಾಮೂಲಿ ಫೈಬ್ರೋಅಡೆನೋಮಾ, ಪರೀಕ್ಷೆ ಆದಮೇಲೆ ತೆಗೆಸದೆಯೂ ಇರಬಹುದು.

ಚರ್ಮದ ಕೆಳಗಿನ ಗಂಟುಗಳ ಕತೆ ಬೇಗ ಮುಗಿಯುತ್ತದೆ. ಮೆತ್ತಗೆ, ಜಾರುವ, ವರ್ಷಗಳಿಂದ ಹಾಗೇ ಇರುವ ಲೈಪೋಮಾ ಇದ್ದರೆ ಇರಲಿ. 5 ಸೆಂಟಿಮೀಟರ್ ಮೀರಿದರೆ, ಆಳದಲ್ಲಿದ್ದರೆ, ಬೆಳೆಯುತ್ತಿದ್ದರೆ, ನೋಯುತ್ತಿದ್ದರೆ ಕೊಯ್ಯುವ ಮೊದಲು ಎಂಆರ್‌ಐ ಬೇಕು. ಲೈಪೋಮಾ ಎಂದು ಕೊಯ್ದು ಸಾರ್ಕೋಮಾ ಸಿಕ್ಕಿದರೆ ಮುಂದಿನ ಚಿಕಿತ್ಸೆ ದುಪ್ಪಟ್ಟು ಕಷ್ಟ. ನಡುವೆ ಕಪ್ಪು ಚುಕ್ಕೆ ಇರುವ ಸಿಬೇಶಿಯಸ್ ಸಿಸ್ಟನ್ನು ಹಿಚುಕಬೇಡಿ, ಕೀವಾಗುತ್ತದೆ; ಚೀಲದ ಸಮೇತ ತೆಗೆಯದಿದ್ದರೆ ಮತ್ತೆ ತುಂಬುತ್ತದೆ. ಊರಿಗೆ ಹೋದಾಗ ಗಂಟಿಗೆ ಬರೆ ಹಾಕಿಸಿಕೊಂಡು ಬರುವವರು ಇಂದಿಗೂ ಇದ್ದಾರೆ. ಸುಟ್ಟ ಚರ್ಮದ ಮೂಲಕ ಗಂಟಿಗೆ ಸೋಂಕಾದ ಮೇಲೆ ಅದು ಮೊದಲು ಏನಾಗಿತ್ತು ಎಂದು ಹೇಳುವುದು ಪೆಥಾಲಜಿಸ್ಟಿಗೂ ಕಷ್ಟ.

ಗರ್ಭಕೋಶದ ಗಡ್ಡೆ, ಹೆದರಿಕೆಯ ವ್ಯಾಪಾರ

ಫೈಬ್ರಾಯ್ಡ್ ಗರ್ಭಕೋಶದ ಸ್ನಾಯುವಿನ ಬಿನೈನ್ ಗಡ್ಡೆ. ತೀರ ಸಾಮಾನ್ಯ. ಅದು ಎಲ್ಲಿದೆ ಎಂಬುದು ಎಷ್ಟು ದೊಡ್ಡದು ಎಂಬುದಕ್ಕಿಂತ ಮುಖ್ಯ. ಒಳಪದರಕ್ಕೆ ತಾಗಿದ 2 ಸೆಂಟಿಮೀಟರಿನದು ಪ್ರತಿ ತಿಂಗಳೂ ರಕ್ತ ಹರಿಸಿ ಹಿಮೋಗ್ಲೋಬಿನ್ 12 ಇರಬೇಕಾದಲ್ಲಿ 6–7ಕ್ಕೆ ಇಳಿಸಬಹುದು. ಹೊರಮೈಯಲ್ಲಿ ನೇತಾಡುವ 8 ಸೆಂಟಿಮೀಟರಿನದು ಏನೂ ಮಾಡದಿರಬಹುದು. ಮುಟ್ಟು 7 ದಿನ ಮೀರುವುದು, ಒಂದೆರಡು ಗಂಟೆಗೊಮ್ಮೆ ಪ್ಯಾಡ್ ತುಂಬುವುದು, ಏಣಿ ಹತ್ತಿದರೆ ಏದುಸಿರು ಬರುವುದು, ಇವು ಕಾಯುವ ಲಕ್ಷಣಗಳಲ್ಲ. ಮುಟ್ಟು ನಿಂತ ಮೇಲೆ ಫೈಬ್ರಾಯ್ಡ್ ಕುಗ್ಗಬೇಕು. ಆಮೇಲೂ ಬೆಳೆದರೆ, ಅಥವಾ ಮುಟ್ಟು ನಿಂತು ವರ್ಷವಾದ ಮೇಲೆ ಒಂದು ಹನಿ ರಕ್ತ ಕಂಡರೂ, ಬೇರೆ ಪರೀಕ್ಷೆ ಬೇಕು.

ಇಲ್ಲಿ ತಪ್ಪು ಎದುರು ದಿಕ್ಕಿನಿಂದಲೂ ಆಗುತ್ತದೆ. ‘ಗಡ್ಡೆ ಇದೆ, ಬಿಟ್ಟರೆ ಕ್ಯಾನ್ಸರ್ ಆಗುತ್ತದೆ’ ಎಂದು ಹೆದರಿಸಿ ಮೂವತ್ತರ ಆಸುಪಾಸಿನ ಹೆಂಗಸರ ಗರ್ಭಕೋಶ ತೆಗೆಸುವುದು ಈ ಪ್ರದೇಶಕ್ಕೆ ಹೊಸದಲ್ಲ. ಬೀಡ್ ಜಿಲ್ಲೆಯ ಕಬ್ಬು ಕಡಿಯುವ ಹೆಣ್ಣುಮಕ್ಕಳ ವಿಷಯದಲ್ಲಿ 2019ರಲ್ಲಿ ಮಹಾರಾಷ್ಟ್ರ ಸರ್ಕಾರ ಸಮಿತಿಯನ್ನೇ ನೇಮಿಸಬೇಕಾಯಿತು. ಫೈಬ್ರಾಯ್ಡ್ ಕ್ಯಾನ್ಸರಾಗಿ ತಿರುಗುವುದು ಅತಿ ಅಪರೂಪ. ಫೈಬ್ರಾಯ್ಡ್ ಎಂದುಕೊಂಡದ್ದರ ಒಳಗೆ ಸಾರ್ಕೋಮಾ ಅಡಗಿರುವುದು ಬೇರೆ ಮಾತು. ಅಮೆರಿಕದ ಎಫ್‌ಡಿಎ 2014ರಲ್ಲಿ ಕೊಟ್ಟ ಅಂದಾಜಿನ ಪ್ರಕಾರ, ಫೈಬ್ರಾಯ್ಡಿಗೆಂದು ಆಪರೇಷನ್ ಆದ ಸುಮಾರು 350 ಹೆಂಗಸರಲ್ಲಿ ಒಬ್ಬರಿಗೆ ಹೀಗಾಗಿರುತ್ತದೆ. ಲ್ಯಾಪರೋಸ್ಕೋಪಿಯಲ್ಲಿ ಗಡ್ಡೆಯನ್ನು ಹೊಟ್ಟೆಯೊಳಗೇ ಪುಡಿಮಾಡಿ ತೆಗೆಯುವುದಾದರೆ ಚೀಲದೊಳಗೆ ಮಾಡುತ್ತೀರಾ ಎಂದು ಕೇಳುವುದು ಈ ಕಾರಣಕ್ಕೆ. ರಕ್ತಸ್ರಾವ ತಗ್ಗಿಸುವ ಮಾತ್ರೆ, ಹಾರ್ಮೋನ್ ಇರುವ ಕಾಪರ್-ಟಿಯಂಥ ಸಾಧನ, ಗಡ್ಡೆಯನ್ನಷ್ಟೇ ತೆಗೆಯುವ ಆಪರೇಷನ್, ರಕ್ತನಾಳ ಮುಚ್ಚಿ ಕುಗ್ಗಿಸುವ ವಿಧಾನ ಎಲ್ಲವೂ ಇವೆ. ಗರ್ಭಕೋಶ ತೆಗೆಯುವುದು ಆ ಪಟ್ಟಿಯ ಕೊನೆಯದು.

ಅಂಡಾಶಯದ ನೀರುಗುಳ್ಳೆ 5 ಸೆಂಟಿಮೀಟರ್ ಒಳಗಿದ್ದು, ಒಳಗೆ ಬರೀ ನೀರಿದ್ದರೆ, ಮುಟ್ಟಾಗುವ ವಯಸ್ಸಿನಲ್ಲಿ ಎರಡು ಮೂರು ತಿಂಗಳಲ್ಲಿ ಬಹುಪಾಲು ತಾನೇ ಹೋಗುತ್ತದೆ. ಬಿನೈನ್ ಗುಳ್ಳೆಯ ಅಪಾಯ ಬೇರೆ ರೀತಿಯದು: ಅದು ತಿರುಚಿಕೊಂಡರೆ ಹಠಾತ್ ಕಡು ನೋವು, ವಾಂತಿ, ಕೆಲವೇ ಗಂಟೆಗಳಲ್ಲಿ ಅಂಡಾಶಯ ಸಾಯಬಹುದು. ಅದು ರಾತ್ರಿಯಲ್ಲೇ ಆಸ್ಪತ್ರೆಗೆ ಓಡುವ ಸಂಗತಿ. ಇನ್ನೊಂದು, ಅಂಡಾಶಯದ ಕ್ಯಾನ್ಸರಿನ ಸುಳಿವಿಗೆಂದು ಮಾಡುವ ಸಿಎ-125 ಎಂಬ ರಕ್ತಪರೀಕ್ಷೆ ಹೆಚ್ಚು ಬಂತು ಎಂದು ಎದೆಗುಂದುವವರು ತುಂಬ. ಎಂಡೋಮೆಟ್ರಿಯೋಸಿಸ್, ಫೈಬ್ರಾಯ್ಡ್, ಹೊಟ್ಟೆಯ ಟಿಬಿ, ಇವೆಲ್ಲದರಲ್ಲೂ ಅದು ಏರುತ್ತದೆ.

ಟಿಬಿಯ ಮಾತು ಬಂದದ್ದೇ ಆಯಿತು. ಕುತ್ತಿಗೆಯ ಬದಿಯಲ್ಲಿ ಒಂದಕ್ಕೊಂದು ಅಂಟಿಕೊಂಡ ಗಂಟುಗಳು, ಸಂಜೆ ಜ್ವರ, ತೂಕ ಇಳಿತ. ರಿಪೋರ್ಟಿನಲ್ಲಿ ‘ಕ್ಯಾನ್ಸರ್ ಇಲ್ಲ, ಗ್ರಾನುಲೋಮಾ (ಉರಿಯೂತದ ಕೋಶಗಳ ಗುಂಪು) ಇದೆ’ ಎಂದರೆ ಅದು ನಮ್ಮ ದೇಶದಲ್ಲಿ ಹೆಚ್ಚಾಗಿ ಟಿಬಿ. ಕ್ಯಾನ್ಸರ್ ಅಲ್ಲ ಎಂದು ಮನೆಗೆ ಹೋಗುವಂತಿಲ್ಲ, ಸಾಮಾನ್ಯವಾಗಿ 6 ತಿಂಗಳ ಮಾತ್ರೆ ಇದೆ, ಸರ್ಕಾರಿ ಕೇಂದ್ರದಲ್ಲಿ ಪುಕ್ಕಟೆ. ಹೋಟೆಲು ಕೋಣೆಗಳಲ್ಲಿ ಹತ್ತು ಜನ ಒಟ್ಟಿಗೆ ಮಲಗುವ ಹುಡುಗರು ಇದನ್ನು ಬಚ್ಚಿಡುತ್ತಾರೆ. ಬರೀ ಗಂಟಿನ ಟಿಬಿ ಉಸಿರಿನಿಂದ ಹರಡುವುದಿಲ್ಲ. ಎದೆಯಲ್ಲೂ ಇದೆಯೇ ಎಂದು ಒಂದು ಎಕ್ಸ್‌ರೇ ಮಾತ್ರ ತೆಗೆಸಬೇಕು.

ಇಂದು ಅಲ್ಲ, ನಾಳೆ?

ಹೆಚ್ಚಿನ ಬಿನೈನ್ ಗಡ್ಡೆಗಳು ಎಷ್ಟು ವರ್ಷವಾದರೂ ಬಿನೈನ್ ಆಗಿಯೇ ಇರುತ್ತವೆ. ಲೈಪೋಮಾ ಕ್ಯಾನ್ಸರಾಗಲು ಸರದಿ ನಿಂತಿಲ್ಲ. ಕೆಲವು ಮಾತ್ರ ದಾರಿಯ ಮೇಲಿರುತ್ತವೆ. ದೊಡ್ಡ ಕರುಳಿನ ಅಡೆನೋಮಾ ಪಾಲಿಪ್ ಅಂಥದ್ದು. ಕೆಲವು ಪಾಲಿಪ್‌ಗಳು ಹತ್ತು ವರ್ಷದ ಆಸುಪಾಸಿನಲ್ಲಿ ಕ್ಯಾನ್ಸರಾಗುತ್ತವೆ, ಅದಕ್ಕೇ ಕೊಲೊನೋಸ್ಕೋಪಿಯಲ್ಲಿ ಕಂಡ ಕೂಡಲೇ ಕತ್ತರಿಸುತ್ತಾರೆ. 1 ಸೆಂಟಿಮೀಟರ್ ಅಥವಾ ದೊಡ್ಡದಿದ್ದರೆ ಸಾಮಾನ್ಯವಾಗಿ 3 ವರ್ಷಕ್ಕೆ ಮತ್ತೆ ನೋಡುತ್ತಾರೆ. ಪಿತ್ತಕೋಶದ ಪಾಲಿಪ್ಪಿಗೂ 10 ಮಿಲಿಮೀಟರೇ ಗಡಿ. ಅಷ್ಟಾದರೆ ಪಿತ್ತಕೋಶ ತೆಗೆಯುವ ಸಲಹೆ ಬರುತ್ತದೆ.

ಬಾಯಿಯ ಮಾತು ಬೇರೆಯೇ ಹೇಳಬೇಕು. ಗುಟ್ಕಾ, ಮಾವಾ, ತಂಬಾಕು, ಮಹಾರಾಷ್ಟ್ರದ ಮನೆಗಳಲ್ಲಿ ಹಲ್ಲಿಗೆ ಉಜ್ಜುವ ಮಿಶ್ರಿ ಇವುಗಳಿಂದ ಬರುವ, ಉಜ್ಜಿದರೂ ಹೋಗದ ಬಿಳಿ ಮಚ್ಚೆ ಮತ್ತು ಅಡಿಕೆಯಿಂದ ಬಾಯಿ ಬಿಗಿಯುವ ಸಬ್‌ಮ್ಯೂಕಸ್ ಫೈಬ್ರೋಸಿಸ್, ಎರಡೂ ಇಂದು ಕ್ಯಾನ್ಸರಲ್ಲ. ಬಯಾಪ್ಸಿಯಲ್ಲಿ ‘ಡಿಸ್‌ಪ್ಲೇಸಿಯಾ’ (ಕೋಶಗಳು ಕೆಡತೊಡಗಿವೆ ಎಂದರ್ಥ) ಎಂಬ ಪದ ಇದೆಯೇ, ಇದ್ದರೆ ಅಲ್ಪವೋ ತೀವ್ರವೋ ಎಂದು ನೋಡಬೇಕು. ಸ್ವಂತದ ಮೂರು ಬೆರಳು ನಿಲ್ಲಿಸಿ ಬಾಯಿಗೆ ಹೋಗದಿದ್ದರೆ, ಹುಣ್ಣು 3 ವಾರಕ್ಕೂ ಮಾಯದಿದ್ದರೆ ತೋರಿಸಲೇಬೇಕು. ಇದರ ಚಿಕಿತ್ಸೆಯ ಮೊದಲ ಹೆಜ್ಜೆ ಗುಟ್ಕಾ, ತಂಬಾಕು, ಅಡಿಕೆ ಬಿಡುವುದು, ಅದಿಲ್ಲದೆ ಉಳಿದದ್ದೆಲ್ಲ ವ್ಯರ್ಥ.

ತಿರುಗಿ ಬರಲು ಹೇಳಿದರೆ ಅದೇ ಸೆಂಟರಿನಲ್ಲಿ ಸ್ಕ್ಯಾನ್ ಮಾಡಿಸುವುದು ಒಳ್ಳೆಯದು, ಹಳೆಯ ಫಿಲ್ಮು ಕೈಯಲ್ಲಿರಲಿ. ಒಂದೆರಡು ಮಿಲಿಮೀಟರ್ ವ್ಯತ್ಯಾಸ ಅಳೆದವರ ಕೈಯದ್ದೂ ಆಗಿರಬಹುದು. ಥೈರಾಯ್ಡ್ ಗಂಟು ಬೆಳೆದಿದೆ ಎನ್ನಲು ಎರಡು ಅಳತೆಗಳಲ್ಲಿ ನೂರಕ್ಕೆ 20ರಷ್ಟು, ಕನಿಷ್ಠ 2 ಮಿಲಿಮೀಟರ್ ಹೆಚ್ಚಿರಬೇಕು ಎಂಬ ಲೆಕ್ಕವಿದೆ. ಹಾಗೆಂದು ಸಣ್ಣ ಅಂಕಿಯನ್ನು ಕಡೆಗಣಿಸುವಂತೆಯೂ ಇಲ್ಲ. 2 ಸೆಂಟಿಮೀಟರಿನ ದುಂಡು ಗಡ್ಡೆ ಎರಡೂವರೆಯಾದರೆ ಅದರ ಘನಗಾತ್ರ ಹೆಚ್ಚುಕಡಿಮೆ ದುಪ್ಪಟ್ಟಾಯಿತು.

ಇನ್ಶೂರೆನ್ಸಿನ ಕಣ್ಣಲ್ಲಿ

‘ಬಿನೈನ್’ ಎಂಬ ಪದಕ್ಕೆ ದುಡ್ಡಿನ ಅರ್ಥವೂ ಇದೆ. 2020ರಲ್ಲಿ ಎಲ್ಲ ಕಂಪನಿಗಳಿಗೂ ಒಂದೇ ನಮೂನೆಯಾಗಿ ಬಂದ ಆರೋಗ್ಯ ಸಂಜೀವಿನಿ ಪಾಲಿಸಿಯಲ್ಲಿ ಬಿನೈನ್ ಗಡ್ಡೆ, ಸಿಸ್ಟ್, ಪಾಲಿಪ್, ಸ್ತನದ ಬಿನೈನ್ ಗಂಟು, ಗರ್ಭಕೋಶ ತೆಗೆಯುವ ಆಪರೇಷನ್ ಇವಕ್ಕೆ 24 ತಿಂಗಳ ಕಾಯುವ ಅವಧಿ ಇದೆ. ಬೇರೆ ಪಾಲಿಸಿಗಳಲ್ಲೂ ಇಂಥ ಪಟ್ಟಿ ಮಾಮೂಲು. ಪಾಲಿಸಿ ತೆಗೆದುಕೊಂಡ ಹತ್ತನೇ ತಿಂಗಳಿಗೆ ಫೈಬ್ರಾಯ್ಡ್ ಆಪರೇಷನ್ ಮಾಡಿಸಿದರೆ ಕ್ಲೇಮು ತಿರಸ್ಕಾರವಾಗುವುದು ಹೀಗೆ. ತುರ್ತಲ್ಲದ್ದಾದರೆ ತಾರೀಖು ನೋಡಿಕೊಂಡು ಆಪರೇಷನ್ ಗೊತ್ತುಮಾಡಬಹುದು. ತಮಾಷೆಯೆಂದರೆ, ಕ್ರಿಟಿಕಲ್ ಇಲ್‌ನೆಸ್ ಪಾಲಿಸಿಗಳ ಪ್ರಮಾಣಿತ ವ್ಯಾಖ್ಯೆಗಳಲ್ಲಿ ‘ಬಿನೈನ್ ಬ್ರೈನ್ ಟ್ಯೂಮರ್’ ಎಂದೇ ಒಂದು ಪ್ರತ್ಯೇಕ ಕಾಯಿಲೆ ಇದೆ. ಆಪರೇಷನ್ ಅಥವಾ ರೇಡಿಯೇಶನ್ ಆಗಿರಬೇಕು, ಇಲ್ಲವೇ 90 ದಿನ ಉಳಿದ ನರದ ಶಾಶ್ವತ ಊನ ಇರಬೇಕು ಎಂಬ ಷರತ್ತಿನೊಂದಿಗೆ. ತಲೆಯೊಳಗಿನ ಸಾಧು ಗಡ್ಡೆ ಸಾಧುವಲ್ಲವೆಂದು ಇನ್ಶೂರೆನ್ಸಿನವರೇ ಒಪ್ಪಿಕೊಂಡಂತಾಯಿತು.

ಡಬ್ಬಿ, ಸ್ಲೈಡು, ಬ್ಲಾಕು

ಸಣ್ಣ ನರ್ಸಿಂಗ್ ಹೋಮುಗಳಲ್ಲಿ ಗಂಟನ್ನು ಮರಗಟ್ಟಿಸಿ ತೆಗೆದು, ಮನೆಯವರಿಗೆ ಟ್ರೇಯಲ್ಲಿ ತೋರಿಸಿ, ಬಿಸಾಡುವ ರೂಢಿ ಇನ್ನೂ ಇದೆ. ಲ್ಯಾಬಿನ ಖರ್ಚು ಉಳಿಯಿತೆಂದು ನಮ್ಮವರೂ ಸುಮ್ಮನಿರುತ್ತಾರೆ. ವರ್ಷದ ಮೇಲೆ ಅದೇ ಜಾಗದಲ್ಲಿ ಮತ್ತೆ ಬಂದರೆ ಮೊದಲಿನದು ಏನಾಗಿತ್ತು ಎನ್ನಲು ಒಂದು ಚೂರೂ ಇರುವುದಿಲ್ಲ. ತೆಗೆದ ಗಂಟು ಎಷ್ಟೇ ಮಾಮೂಲಿ ಕಾಣಲಿ, ಹಿಸ್ಟೊಪೆಥಾಲಜಿಗೆ (ಸೂಕ್ಷ್ಮದರ್ಶಕದ ಪರೀಕ್ಷೆಗೆ) ಕಳಿಸಿ ಎಂದು ಆಪರೇಷನ್ನಿಗೆ ಮೊದಲೇ ಹೇಳಬೇಕು.

ಡಬ್ಬಿಯನ್ನು ನಿಮ್ಮ ಕೈಗೇ ಕೊಟ್ಟು ಲ್ಯಾಬಿಗೆ ಒಯ್ಯಲು ಹೇಳಿದರೆ ಮೂರು ಸಂಗತಿ ನೋಡಿ. ಅಗಲ ಬಾಯಿಯ ಡಬ್ಬಿಯಿರಲಿ, ಕಿರಿದಾದ ಬಾಯಿಯಿಂದ ತುರುಕಿದ ತುಂಡು ಹಿಂಡಿಹೋಗುತ್ತದೆ. ಒಳಗೆ ಶೇ 10ರ ಫಾರ್ಮಲಿನ್ ಇರಬೇಕು, ತುಂಡಿನ ಹತ್ತು ಪಟ್ಟು. ತುಂಡು ಬರೀ ತೋಯ್ದಿದ್ದರೆ ಸಾಲದು, ಪೂರ್ತಿ ಮುಳುಗಿರಬೇಕು. ನೀರಿನಲ್ಲೋ ಸಲೈನಿನಲ್ಲೋ ಹಾಕಿ ಫ್ರಿಜ್ಜಿನಲ್ಲಿಟ್ಟು ಮರುದಿನ ಒಯ್ದರೆ ಕೋಶಗಳು ಕೊಳೆತು, ರಿಪೋರ್ಟು ಬರೀ ‘ಆಟೊಲೈಸಿಸ್’ ಎಂದು ಬರಬಹುದು. ಟಿಬಿಯ ಅನುಮಾನ ಇದ್ದರೆ ಮಾತ್ರ ಇನ್ನೊಂದು ತುಂಡು ಸಲೈನಿನಲ್ಲಿ ಬೇರೆಯಾಗಿ, ಆಗಲೇ, ಹೋಗಬೇಕು; ಫಾರ್ಮಲಿನ್ ಕ್ರಿಮಿಯನ್ನು ಕೊಲ್ಲುವುದರಿಂದ ಅದರಲ್ಲಿ ಕಲ್ಚರ್ ಬೆಳೆಯುವುದಿಲ್ಲ. ಡಬ್ಬಿಯ ಮೈಮೇಲೆ, ಮುಚ್ಚಳದ ಮೇಲಲ್ಲ, ಹೆಸರು, ವಯಸ್ಸು, ಎಡವೋ ಬಲವೋ ಎಂದು ಬರೆಸಿ. ಮುಚ್ಚಳಗಳು ಅದಲುಬದಲಾಗುತ್ತವೆ.

ರಿಪೋರ್ಟು ಬಂದಮೇಲೆ ಕಾಗದದಷ್ಟೇ ಮುಖ್ಯವಾದದ್ದು ಸ್ಲೈಡ್ ಮತ್ತು ತುಂಡು ಕೂರಿಸಿದ ಮೇಣದ ಬ್ಲಾಕ್. ಹಸಿ ತುಂಡನ್ನು ಲ್ಯಾಬಿನವರು ಕೆಲವು ವಾರವಷ್ಟೇ ಇಡುತ್ತಾರೆ, ಬ್ಲಾಕು ವರ್ಷಗಟ್ಟಲೆ ಉಳಿಯುತ್ತದೆ. ಅನುಮಾನ ಇರುವ ರಿಪೋರ್ಟಿಗೆ ಎರಡನೇ ಅಭಿಪ್ರಾಯ ಬೇಕೆಂದರೆ ಮತ್ತೆ ಚುಚ್ಚಿಸಬೇಕಾಗಿಲ್ಲ. 1941ರಿಂದ ಪರೇಲಿನಲ್ಲಿರುವ ಟಾಟಾ ಮೆಮೋರಿಯಲ್‌ನಂಥ ಕಡೆ ಹೊರಗಿನ ಸ್ಲೈಡು–ಬ್ಲಾಕುಗಳನ್ನೇ ಮರುಪರಿಶೀಲನೆಗೆ ತೆಗೆದುಕೊಳ್ಳುತ್ತಾರೆ. ಊರಿಗೆ ಮರಳಿ ಹುಬ್ಬಳ್ಳಿಯಲ್ಲೋ ಮಂಗಳೂರಿನಲ್ಲೋ ಚಿಕಿತ್ಸೆ ಮುಂದುವರಿಸುವವರು ಅರ್ಜಿ ಬರೆದು ಬ್ಲಾಕು ಪಡೆದು, ರಿಪೋರ್ಟಿನ ಮೇಲಿನ ನಂಬರೂ ಬ್ಲಾಕಿನ ಮೇಲಿನ ನಂಬರೂ ಒಂದೇ ಎಂದು ಕೌಂಟರಿನಲ್ಲೇ ತಾಳೆ ನೋಡಬೇಕು. ಸ್ಲೈಡು ಗಾಜು, ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿಡಿ. ಬ್ಲಾಕು ಪ್ಯಾರಫಿನ್ ಮೇಣ, 56–60 ಡಿಗ್ರಿಗೆ ಕರಗುತ್ತದೆ. ಮೇ ತಿಂಗಳಲ್ಲಿ ಬಿಸಿಲಿಗೆ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಡದೆ, ಬಸ್ಸಿನ ಎಂಜಿನ್ ಪಕ್ಕದ ಡಿಕ್ಕಿಗೆ ಹಾಕದೆ, ಕೈಚೀಲದಲ್ಲಿ ಮೈಗೆ ಹತ್ತಿರ ಇಟ್ಟುಕೊಂಡು ಹೋಗಿ.